ಮಾದರಿ ನಿಶ್ಚಲವಾಗುವವರೆಗೆ

ಟಕ್ ಎಂದು ಸದ್ದಾದಾಗ ವೃಷಭೇಂದ್ರಪ್ಪ ಬಚ್ಚಲ ಕನ್ನಡಿಯ ಮುಂದೆ ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದ. ದೊಡ್ಡ ಸದ್ದೇನಲ್ಲ, ಅಡಿಕೆ ಕೆಳಗೆ ಬಿದ್ದರೆ ಆಗುವಷ್ಟು. ಆದರೆ ಸದ್ದುಗಳ ವಿಷಯದಲ್ಲಿ ಅವನ ಕಿವಿ ಅತಿ ಚುರುಕಾಗಿ ಕೆಟ್ಟು ಎಷ್ಟೋ ವರ್ಷವಾಗಿತ್ತು. ಕೂದಲೆಳೆಯೊಂದನ್ನು ನೂರು ಸೀಳು ಸೀಳಿದರೆ ಒಂದು ಸೀಳಿಗೆ ಬರುವಷ್ಟೇ ದಪ್ಪದ ಪಿಂಗಾಣಿ ಲೇಪದ ಮೇಲೆ ವಜ್ರದ ಮೊನೆಯನ್ನು ಮೆಲ್ಲನೆ ಒತ್ತಿ, ಅದು ಎಷ್ಟು ತಗ್ಗಿತು, ಎಷ್ಟು ಹೊತ್ತಿಗೆ ಬಿರಿಯಿತು ಎಂದು ಅಳೆಯುವುದು ಅವನ ಉದ್ಯೋಗ. ಪಕ್ಕದ ಕೋಣೆಯಲ್ಲಿ ಯಾರಾದರೂ ಬಾಗಿಲು ಧಡ್ ಎನಿಸಿದರೂ ಸಾಕು, ಆ ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಹೀಗಾಗಿ ಮನೆಯಲ್ಲೂ ಸೌಟು ಬಿದ್ದರೆ ಅವನು ಬೆಚ್ಚುತ್ತಿದ್ದ. ಬಿದ್ದದ್ದೇನು, ಎಷ್ಟು ತೂಕದ್ದು, ಯಾವುದರ ಮೇಲೆ ಎಂದು ಲೆಕ್ಕ ಹಾಕದೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಈಗಲೂ ಹಾಕಿದ. ಸಣ್ಣದು, ಗಟ್ಟಿಯಾದದ್ದು, ಮೊಸಾಯಿಕ್ ನೆಲದ ಮೇಲೆ, ದೇವರ ಕೋಣೆಯಲ್ಲಿ. ಲೆಕ್ಕ ಮುಗಿಯಿತು. ಬಿದ್ದದ್ದು ಅಮ್ಮನ ಲಿಂಗ.

ಅಮ್ಮ ಗಿರಿಜಾಂಬಾ ಮಣೆಯ ಮೇಲೆ ಕೂತೇ ಇದ್ದಳು. ಪೂಜೆಗೆ ಲಿಂಗ ಇಟ್ಟುಕೊಳ್ಳುವ ಎಡಗೈ ಹಾಗೆಯೇ ಎದೆಯ ಮಟ್ಟಕ್ಕೆ ಚಾಚಿಕೊಂಡಿತ್ತು, ಅಂಗೈ ಖಾಲಿ. ಮುಖದಲ್ಲಿ ಭಯವಿರಲಿಲ್ಲ. ಬಸ್ಸು ಹೊರಟುಹೋದ ಮೇಲೆ ನಿಲ್ದಾಣದಲ್ಲಿ ಉಳಿದವರ ಮುಖದಲ್ಲಿರುತ್ತದಲ್ಲ, ಅಂಥದೊಂದು ಪೆಚ್ಚುತನವಿತ್ತು.

"ಬಿತ್ತು ಕಣೋ," ಎಂದಳು.

"ಒಡೀತಾ?"

"ನನ್ ಕಣ್ಣಿಗೆ ಕಾಣ್ತದಾ? ನೀನೇ ನೋಡು. ಮುಟ್ಬೇಡ."

ಅವನು ಕೆನ್ನೆಯ ಸೋಪಿನ ನೊರೆಯೊಂದಿಗೇ ಮಂಡಿಯೂರಿದ. ನೇರಳೆ ಹಣ್ಣಿನಂಥ ಕಪ್ಪು ಲಿಂಗ ಗೋಡೆಯ ಮಗ್ಗುಲಿಗೆ ಉರುಳಿ ನಿಂತಿತ್ತು. ಒಳಗೆ ಕಲ್ಲು, ಕಲ್ಲಿನ ಮೇಲೆ ಮಠದಲ್ಲಿ ಬೂದಿ, ಎಣ್ಣೆ, ಇನ್ನೂ ಏನೇನೋ ಅರೆದು ಮಾಡಿದ ಕಪ್ಪು ಲೇಪ. ಅಂಚಿನಲ್ಲಿ ಒಂದು ಗೆರೆ. ಬಿರುಕೋ, ವಿಭೂತಿಯ ಎಳೆಯೋ, ಅಮ್ಮನದೇ ಒಂದು ನರೆಗೂದಲೋ? ಊದಿ ನೋಡಿದ, ಹೋಗಲಿಲ್ಲ. ಕನ್ನಡಕ ಹಾಕಿಕೊಂಡರೆ ಗೆರೆ ಕಾಣುತ್ತಿತ್ತು, ತೆಗೆದರೆ ಕಾಣುತ್ತಿರಲಿಲ್ಲ. ಅಮ್ಮ ಎರಡೂ ಕೈಯಲ್ಲಿ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು, ಬೆಳ್ಳಿಯ ಕರಡಿಗೆಯೊಳಗಿಟ್ಟು ಮುಚ್ಚಳ ಹಾಕಿ, ಶಿವದಾರವನ್ನು ಕೊರಳಿಗೆ ಹಾಕಿಕೊಂಡಳು. ಹತ್ತು ವರ್ಷದ ಹುಡುಗಿಯಾಗಿದ್ದಾಗ ದೀಕ್ಷೆಯಲ್ಲಿ ಮಠದ ಸ್ವಾಮಿಗಳಾದ ದೊಡ್ಡ ಬುದ್ಧಿಯವರ ಕೈಯಿಂದ ಪಡೆದ ಮೇಲೆ ಅದು ಅವಳ ಎದೆ ಬಿಟ್ಟದ್ದಿಲ್ಲ. ಹೆರಿಗೆಯಲ್ಲಿ ನರ್ಸಮ್ಮ ತೆಗೆಯಿರಿ ಎಂದಾಗಲೂ ಬಿಟ್ಟಿರಲಿಲ್ಲವಂತೆ. ಆ ಹೆರಿಗೆಯಲ್ಲಿ ಹುಟ್ಟಿದವನೇ ತಾನು ಎಂಬುದು ನೆನಪಾಗಿ, ಲಿಂಗ ತನಗಿಂತ ಹಿರಿಯದೆಂದು ಅವನಿಗೆ ಸಂಕೋಚವಾಯಿತು.

"ಎದುರು ಬೀದಿ ಜಂಗಮರು ಕರಿಬಸವಯ್ಯನವರನ್ನ ಕರೀಲಾ?" ಎಂದ.

"ಕರಿಬಸವಯ್ಯ ಬಂದ್ರೆ ಹಳೇದು ಹೊಳೆಗೆ ಬುಡಿ, ಹೊಸದು ಕೊಡ್ತೀನಿ ಅಂತಾನೆ. ನಾನು ಹೊಸದು ಕೇಳ್ದೆನಾ?" ಅಮ್ಮನ ದನಿ ತರಕಾರಿಯವನ ಹತ್ತಿರ ಚೌಕಾಸಿ ಮಾಡುವಾಗಿನಷ್ಟೇ ಸಲೀಸಾಗಿತ್ತು. "ನೋಡು ಮಗಾ, ಅದು ಒಡೆದಿದ್ರೆ ನನ್ನ ಬುಟ್ಟು ಹೋಯ್ತು ಅಂತ. ಅದರ ಬಾಕಿ ಮುಗೀತು, ನಂದೂ ಮುಗೀತು. ಆಮೇಲೆ ಅನ್ನ ನೀರು ಗಂಟ್ಲಲ್ಲಿ ಇಳಿಯೋ ಮಾತಿಲ್ಲ. ಒಡೆದಿಲ್ದೆ ಇದ್ರೆ ನನ್ ಕೈಯೇ ಕೈಬುಡ್ತು ಅಂತ. ಅದಕ್ಕೆ ತಪ್ಪೊಪ್ಪು ಕೇಳ್ಕೊಂಡು ಉಂಡ್ರಾಯ್ತು. ಎರಡ್ರಲ್ಲಿ ಯಾವ್ದು ಅಂತ ನಂಗೆ ಗೊತ್ತಾಗ್ಬೇಕು. ಅಲ್ಲೀಗಂಟ ಒಂದು ತೊಟ್ಟು ನೀರೂ ಬೇಡ."

ಸಕ್ಕರೆ ಕಾಯಿಲೆಯ ಮುದುಕಿ. ಶಿವರಾತ್ರಿಯ ಉಪವಾಸದಲ್ಲಿ ತಲೆತಿರುಗಿ ಬಿದ್ದು ಆಸ್ಪತ್ರೆಯಲ್ಲಿ ಬಾಟಲಿ ಏರಿಸಿಕೊಂಡು ಬಂದವಳು. ಹಟಕ್ಕೆ ಬಿದ್ದರೆ ಅವಳ ಹಟ ಅವಳಿಗಿಂತ ಗಟ್ಟಿ. ವೃಷಭೇಂದ್ರಪ್ಪ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಅವನ ಹೆಂಡತಿ ಭಾಗ್ಯ ಶಾಲೆಗೆ ಹೊರಡುವ ಆತುರದಲ್ಲಿ ಊಟದ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದಳು. "ಅದ್ಯಾಕೆ ನನ್ನ ನೋಡ್ತೀರಿ? ಅತ್ತೆಗೆ ಹೇಳಿದ್ದು ನೀವಲ್ವಾ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಯೇಬಿಟ್ಟಳು.

ಹೇಳಿದ್ದು ಅವನೇ. ದೀಪಾವಳಿಗೆ ಬಂದಿದ್ದ ಭಾವಮೈದ ಊಟದ ಪಂಕ್ತಿಯಲ್ಲಿ, "ನಮ್ಮ ಭಾವ ದೊಡ್ಡ ವಿಜ್ಞಾನಿ ಕಣ್ರೀ, ಪಿಂಗಾಣಿ ತಟ್ಟೆಗೆ ಸೂಜಿ ಚುಚ್ಚಿ ನೋಡ್ತಾರೆ, ಸರ್ಕಾರ ಸಂಬಳ ಕೊಡ್ತದೆ," ಎಂದಿದ್ದ. ಎಲ್ಲರೂ ನಕ್ಕಿದ್ದರು, ಹೋಳಿಗೆ ಬಡಿಸುತ್ತಿದ್ದ ಭಾಗ್ಯಳೂ ನಕ್ಕಿದ್ದಳು. ಆಗ ಅವನು ಎಂಜಲು ಕೈ ಒಣಗುವವರೆಗೆ ಭಾಷಣ ಮಾಡಿದ್ದ. ಸೊಳ್ಳೆ ಕೂತರೆ ಬೀಳುವ ಭಾರಕ್ಕಿಂತ ಕಡಿಮೆ ಭಾರದಲ್ಲಿ ಒತ್ತುತ್ತೇವೆ. ಮನುಷ್ಯನ ಕಣ್ಣಿಗೆ ಕಾಣದ ಬಿರುಕೂ ನಮ್ಮ ಯಂತ್ರದ ಕಣ್ಣು ತಪ್ಪಿಸಿಕೊಳ್ಳಲಾರದು. ಪಿಂಗಾಣಿಯೆಂದರೆ ಒಡೆಯುವ ಜಾತಿ ಎಂದುಕೊಂಡಿದ್ದೀರಲ್ಲ, ಅಷ್ಟು ಸಣ್ಣ ಅಳತೆಯಲ್ಲಿ ಅದೂ ಮೊದಲು ಮೇಣದ ಹಾಗೆ ತಗ್ಗುತ್ತದೆ, ತಗ್ಗಿ ತಗ್ಗಿ ಇನ್ನಾಗದು ಎಂದಾಗಲೇ ಬಿರಿಯುವುದು. ಯಾರೂ ಕೇಳಿಸಿಕೊಂಡಿರಲಿಲ್ಲ, ಬಾಗಿಲ ಬಳಿ ವೀಳ್ಯದೆಲೆ ಒರೆಸುತ್ತ ಕೂತಿದ್ದ ಅಮ್ಮನೊಬ್ಬಳನ್ನು ಬಿಟ್ಟು. "ಅಂದ್ರೆ ಒಡೆದದ್ದೋ ಒಡೆಯದ್ದೋ ಅಂತ ನಿನ್ ಮಿಷನ್ನಿಗೆ ಗೊತ್ತಾಗ್ಬುಡ್ತದೆ," ಎಂದಿದ್ದಳು. ಗೊತ್ತಾಗಿಬಿಡುತ್ತದೆ ಎಂದು ಅವನು ಎದೆಯುಬ್ಬಿಸಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಆಯ್ತು, ಕೊಡು. ತಗೊಂಡ್ಹೋಗಿ ನೋಡ್ಕೊಂಡು ಬರ್ತೀನಿ," ಎಂದ.

ಅಮ್ಮ ಅವನನ್ನು ಚಿಕ್ಕ ಮಗುವನ್ನು ನೋಡುವಂತೆ ನೋಡಿದಳು. "ಕೊಡೋದು ಅಂದ್ರೇನೋ? ಜೀವ ಕಿತ್ತು ಕೊಡೋಕಾಯ್ತದಾ? ಅದು ಬರೋದಾದ್ರೆ ನನ್ ಜೊತೇನೇ ಬರ್ತದೆ."

ಆಟೋದಲ್ಲಿ ಅವಳು ಒಂದು ಕೈಯಲ್ಲಿ ಎದೆಯ ಕರಡಿಗೆಯನ್ನೂ ಇನ್ನೊಂದರಲ್ಲಿ ಬಟ್ಟೆಯ ಚೀಲವನ್ನೂ ಹಿಡಿದು ಕೂತಳು. ಸರಸ್ವತಿಪುರಂನ ಒಂದೊಂದು ಉಬ್ಬು ಬಂದಾಗಲೂ ವೃಷಭೇಂದ್ರಪ್ಪ, "ಮೆಲ್ಲಗೆ ಮಾರಾಯ, ಮೆಲ್ಲಗೆ," ಎನ್ನುತ್ತಿದ್ದ. "ತುಂಬಿದ ಬಸುರಿನಾ ಸಾರ್?" ಎಂದು ಆಟೋದವನು ಹಿಂತಿರುಗಿ ನೋಡಿ, ಎಪ್ಪತ್ತು ದಾಟಿದ ಗಿರಿಜಾಂಬಾಳನ್ನು ಕಂಡು, ಮುಂದೆ ಮಾತಾಡದೆ ನಡೆಸಿದ. ಪ್ರಯೋಗಾಲಯದ ಮುಂದೆ ಇಳಿಯುವ ಹೊತ್ತಿಗೆ ವೃಷಭೇಂದ್ರಪ್ಪನ ಎದೆ ಬಡಿದುಕೊಳ್ಳುತ್ತಿತ್ತು. ಅಮ್ಮನಿಗೇನಾದರೂ ಆದೀತೆಂದೋ, ಅಮ್ಮನನ್ನು ಇಲ್ಲಿ ಯಾರಾದರೂ ನೋಡಿಯಾರೆಂದೋ? ಎರಡನೆಯದೇ ಹೆಚ್ಚು ನಿಜವೆನ್ನಿಸಿ ತನ್ನ ಮೇಲೆಯೇ ಹೇಸಿಗೆಯಾಯಿತು. ಗೇಟಿನ ಕಾವಲುಗಾರ ಸಣ್ಣಯ್ಯನ ಕೈಯಲ್ಲಿದ್ದ ಲೋಹ ಹುಡುಕುವ ಕೋಲು ಅಮ್ಮನ ಎದೆಯ ಹತ್ತಿರ ಬಂದದ್ದೇ ಕುಂಯ್ ಎಂದಿತು. "ಅದೇನಿದ್ರೂ ತೆಗೆದು ಈ ತಟ್ಟೇಲಿ ಇಡಿ ಅಮ್ಮಾವ್ರೇ." "ಇದನ್ನ ತೆಗೆದ್ರೆ ನಾನಿರಲ್ಲ ಕಣಪ್ಪ," ಎಂದಳು ಅಮ್ಮ, ವಿಳಾಸ ಹೇಳುವಷ್ಟು ಸರಳವಾಗಿ. ಸಣ್ಣಯ್ಯ ಕೋಲನ್ನು ಬೆನ್ನ ಹಿಂದೆ ಅಡಗಿಸಿ ಕೈಮುಗಿದು ದಾರಿಬಿಟ್ಟ.

ಯಂತ್ರ ನೋಡಿ ಅಮ್ಮನಿಗೆ ನಿರಾಶೆಯಾದಂತಿತ್ತು. ಅನ್ನದ ಡಬರಿಯಷ್ಟು ಸಣ್ಣದು. ಅದರ ಸುತ್ತ ಗಾಳಿ ಸದ್ದು ಹೋಗದಂತೆ ದಪ್ಪ ಬಾಗಿಲಿನ ಬೀರು, ಬೀರುವಿನ ಕೆಳಗೆ ನೆಲದ ನಡುಕ ತಾಗದಂತೆ ಗಾಳಿಯ ಮೇಲೆ ತೇಲುವ ಮೇಜು. ಅವನ ಕೈಕೆಳಗಿನ ಸಂಶೋಧಕಿ ಸುಷ್ಮಾ ವಿಷಯ ಕೇಳಿ ನಗಲಿಲ್ಲ. ಅವಳು ನಕ್ಕಿದ್ದರೆ ಚೆನ್ನಾಗಿತ್ತು, ಬೈದು ಅಮ್ಮನನ್ನು ವಾಪಸು ಕರೆದುಕೊಂಡು ಹೋಗಬಹುದಿತ್ತು. ಅವಳು ಗಂಭೀರವಾಗಿ, "ಸರ್, ಮಾದರೀನ ಬಿಲ್ಲೆಗೆ ಅಂಟಿಸಬೇಕಲ್ಲ," ಎಂದಳು.

"ಎಂಥದಕ್ಕೆ ಅಂಟಿಸೋದು?" ಅಮ್ಮ ಕೇಳಿದಳು.

"ಲೋಹದ ಬಿಲ್ಲೆಗೆ ಅಜ್ಜಿ. ಗೋಂದಿನಲ್ಲಿ. ಅಲ್ಲಾಡಬಾರದಲ್ಲ, ಅದಕ್ಕೆ."

"ಅದು ನನ್ ಕೈ ಮೇಲೆ ಇರ್ತದೆ ಕಣಮ್ಮ. ಅರವತ್ತು ವರ್ಷದಿಂದ ಇಲ್ಲೇ ಕೂತದೆ. ಇದಕ್ಕಿಂತ ಬಿಲ್ಲೆ ಬೇಕಾ?"

ಸುಷ್ಮಾ ವೃಷಭೇಂದ್ರಪ್ಪನ ಮುಖ ನೋಡಿದಳು. ಅವನು ಬೀರುವಿನ ಮುಖ ನೋಡಿದ. ಆಮೇಲೆ ನಡೆದದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಇಬ್ಬರೂ ಸೇರಿ ಯಂತ್ರದ ತಳದ ಪೀಠವನ್ನು ಬಿಚ್ಚಿ ತೆಗೆದರು. ಅಟೆಂಡರ್ ಮಹದೇವು ಎತ್ತರದ ಸ್ಟೂಲು ತಂದು ಅದರ ಮೇಲೆ ಚಾಪೆ ಮಡಚಿ ಹಾಸಿದ. ಅಮ್ಮ ಹಣೆಗೆ ವಿಭೂತಿ ಧರಿಸಿ, ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು, ಮೊಣಕೈವರೆಗೆ ಬೀರುವಿನೊಳಗೆ ಚಾಚಿದಳು. ತೋಳಿನ ಸುತ್ತ ಉಳಿದ ಸಂದಿಗೆ ಸುಷ್ಮಾ ತನ್ನ ದುಪಟ್ಟಾ ತುರುಕಿದಳು. ಲಿಂಗ ಹೊರಬಂದದ್ದೇ ಮಹದೇವು ಚಪ್ಪಲಿ ಬಿಟ್ಟ, ಸುಷ್ಮಾ ಬಿಟ್ಟಳು, ಕೊನೆಗೆ ವೃಷಭೇಂದ್ರಪ್ಪನೂ ಬೂಟು ಬಿಚ್ಚಿದ. ಅವನ ಕಾಲುಚೀಲದ ಹೆಬ್ಬೆರಳ ಕಡೆ ತೂತಾಗಿತ್ತು. ಇಡೀ ಜಗತ್ತು ಆ ತೂತನ್ನೇ ನೋಡುತ್ತಿದೆ ಎನ್ನಿಸಿ ಬೆರಳು ಮಡಚಿಕೊಂಡ.

"ಚುಚ್ಚಿದ್ರೆ ಅದಕ್ಕೆ ನೋವಾಗ್ತದಾ?"

"ಇಲ್ಲ ಅಮ್ಮ. ಸೊಳ್ಳೆ ಕೂತಷ್ಟೂ ಇಲ್ಲ."

"ಸೊಳ್ಳೆ ಕೂತ್ರೂ ನಾನು ಓಡಿಸ್ತೀನಿ," ಎಂದಳು ಅಮ್ಮ. ಸ್ವಲ್ಪ ತಡೆದು, "ಹೂಂ, ಮಾಡು," ಎಂದಳು.

ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಆಮೇಲೆ ಒತ್ತಬೇಕು. ಪರದೆಯ ಮೇಲೆ ಬೆಳಕು ಬಂತು. ಚಿತ್ರ ನಿಲ್ಲದೆ ತುಯ್ಯುತ್ತಿತ್ತು. ಸುಷ್ಮಾ ಮತ್ತೆ ಮತ್ತೆ ಸೆರೆಹಿಡಿದಳು, ಕೊನೆಗೊಂದು ಸ್ಪಷ್ಟವಾಗಿ ಬಿತ್ತು. ವೃಷಭೇಂದ್ರಪ್ಪ ಬಗ್ಗಿ ನೋಡಿದ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳದಂತೆ ಲೇಪದ ತುಂಬ ಬಿರುಕುಗಳ ಬಲೆ. ಅಂಚಿನದು ಮಾತ್ರವಲ್ಲ, ಎಲ್ಲೆಲ್ಲೂ. ಒಂದರಿಂದ ಇನ್ನೊಂದು ಹುಟ್ಟಿ, ಅದರಿಂದ ಮತ್ತೊಂದು. ಅರವತ್ತು ವರ್ಷದ ವಿಭೂತಿ, ಅಭಿಷೇಕದ ನೀರು, ಅಮ್ಮನ ಎದೆಯ ಬೆವರು ಕುಡಿದು ಅದು ಯಾವತ್ತೋ ಬಿರಿದಿತ್ತು. ಇವತ್ತು ಬೆಳಿಗ್ಗೆಯ ಬಿರುಕು ಯಾವುದು, ಅವನು ಹುಟ್ಟಿದ ದಿನದ್ದು ಯಾವುದು? ಇನ್ನಷ್ಟು ದೊಡ್ಡದು ಮಾಡಿ ನೋಡಿದ, ಇನ್ನಷ್ಟು ಬಿರುಕು. ಚಿಕ್ಕದು ಮಾಡಿದ, ಅಖಂಡವಾದ ನುಣುಪು ಕಪ್ಪು. ಶಿವ ಎಷ್ಟು ಪಟ್ಟು ದೊಡ್ಡದು ಮಾಡಿ ನೋಡುತ್ತಾನೆ ಎಂಬ ಪ್ರಶ್ನೆ ಎದ್ದು ಅವನಿಗೆ ನಗು ಬಂತು. ಒಡೆದಿದೆ ಎಂದರೂ ನಿಜ, ಒಡೆದಿಲ್ಲ ಎಂದರೂ ನಿಜ, ಅಷ್ಟರ ಮೇಲೆ ಒಬ್ಬ ಮುದುಕಿಯ ಅನ್ನ ನಿಂತಿದೆ.

ಬಾಗಿಲಲ್ಲಿ ನಿರ್ದೇಶಕ ರಾಮಯ್ಯನವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕಳೆದ ವಾರವಷ್ಟೇ ಎಲ್ಲರೆದುರು, "ವೃಷಭೇಂದ್ರಪ್ಪನವರೇ, ನಿಮ್ಮ ಲೇಪ ಬಿರಿಯೋದರೊಳಗೆ ನಾನು ನಿವೃತ್ತನಾಗ್ತೀನಿ," ಎಂದಿದ್ದ ಮನುಷ್ಯ. ಈಗ ಯಂತ್ರದೊಳಗೆ ಕೈಯಿಟ್ಟುಕೊಂಡು ಕಣ್ಣುಮುಚ್ಚಿ ಕೂತ ಮುದುಕಿಯನ್ನೂ, ಬರಿಗಾಲಿನ ಮೂವರನ್ನೂ ನೋಡಿದರು.

"ಇದು ಯಾವ ಪ್ರಾಜೆಕ್ಟು?" ಎಂದರು.

"ನಮ್ಮ ತಾಯಿ, ಸರ್."

ರಾಮಯ್ಯನವರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಬಗ್ಗಿ, ಏದುಸಿರುಬಿಡುತ್ತ, ತಮ್ಮ ಬೂಟಿನ ದಾರ ಬಿಚ್ಚತೊಡಗಿದರು. "ಫ್ಯಾನ್ ಆರಿಸ್ರೀ. ಗಾಳಿಗೆ ಅಲ್ಲಾಡಲ್ವಾ?" ಎಂದು ಪಿಸುಗುಟ್ಟಿದರು. ಮಹದೇವು ಓಡಿಹೋಗಿ ಓಣಿಯಲ್ಲಿ ಯಾರೂ ನಡೆದಾಡಬಾರದೆಂದು ಅಡ್ಡ ನಿಂತ.

ಸುಷ್ಮಾ ಗುಂಡಿ ಒತ್ತಿದಳು. ವಜ್ರದ ಮೊನೆ ಇಳಿಯಲು ಶುರುವಾಯಿತು. ಈ ಕೆಲಸದಲ್ಲೊಂದು ನೇಮವಿದೆ. ಲೇಪದ ದಪ್ಪದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಆಳಕ್ಕೆ ಹೋಗಕೂಡದು. ಹೋದರೆ ಸಿಗುವ ಅಳತೆ ಲೇಪದ್ದಲ್ಲ, ಅದನ್ನು ಹೊತ್ತ ಅಡಿಯ ವಸ್ತುವಿನದು. ಹೊಸಬರಿಗೆ ಅವನು ಮೊದಲು ಕಲಿಸುತ್ತಿದ್ದುದೇ ಇದನ್ನು. ಮೊನೆ ಲಿಂಗಕ್ಕಿಂತ ಕೂದಲೆಳೆಯಷ್ಟು ಮೇಲೆ ಬಂದು ನಿಂತಿತು. ನಿಂತು, ಪರದೆಯಲ್ಲಿ, ಮಾದರಿ ನಿಶ್ಚಲವಾಗುವವರೆಗೆ ಕಾಯಿರಿ ಎಂಬರ್ಥದ ಸಾಲು ಮೂಡಿಸಿತು. ಕಾದರು. ರಾಮಯ್ಯನವರು ಉಸಿರು ಹಿಡಿದರು. ಸುಷ್ಮಾ ಉಸಿರು ಹಿಡಿದಳು. ಅಮ್ಮನ ತುಟಿ ಮಾತ್ರ ಶಿವನಾಮಕ್ಕೆ ಅಲುಗುತ್ತಿತ್ತು. ಸಾಲು ಅಳಿಯಲಿಲ್ಲ. ಅದರ ಕೆಳಗೆ ಗೆರೆಯೊಂದು ಮೇಲೆ ಕೆಳಗೆ, ಮೇಲೆ ಕೆಳಗೆ, ಒಂದೇ ಸಮನೆ ಅಲೆಯಾಡುತ್ತಿತ್ತು.

"ಪಲ್ಸ್ ಅಂದ್ಕೊಂಡೆ ಸರ್," ಸುಷ್ಮಾ ಅವನ ಕಿವಿಯ ಹತ್ತಿರ ಬಂದು ಹೇಳಿದಳು. "ಆದ್ರೆ ಸೆಕೆಂಡಿಗೆ ನಾಲ್ಕೈದು ಸಲ ಬರ್ತಿದೆ. ಪಲ್ಸ್ ಇಷ್ಟು ಜೋರಾಗಿ ಓಡಲ್ಲ. ಅಜ್ಜಿ ಕೈ ನಡುಗ್ತಿದೆ."

ಕೈ ನಡುಗುತ್ತಿದೆ. ಹೋದ ತಿಂಗಳು ಅವನ ಲೇಖನದ ಹಾಳೆಗಳ ಮೇಲೆ ಅಮ್ಮ ಕಾಫಿ ಚೆಲ್ಲಿದಾಗ ಅವನು ಕುರ್ಚಿಯಿಂದ ಎದ್ದು, "ನೆಟ್ಟಗೆ ಹಿಡ್ಕೊಳ್ಳೋಕಾಗಲ್ವಾ?" ಎಂದು ಕಿರುಚಿದ್ದ. ಆ ಲೇಖನ ಇದೇ ವಿಷಯದ್ದು: ಲೇಪಗಳು ಎಷ್ಟು ಭಾರಕ್ಕೆ ಎಷ್ಟು ತಗ್ಗುತ್ತವೆ ಎಂಬುದು. ಅಮ್ಮ ಸೆರಗಿನಲ್ಲಿ ಹಾಳೆ ಒತ್ತಿ ಒರೆಸಿದ್ದಳು. ಬಾಗಿಲ ಮುಂದಿನ ರಂಗೋಲಿ ಯುಗಾದಿಯಿಂದೀಚೆಗೆ ಸೊಟ್ಟಸೊಟ್ಟಗೆ ಬರುತ್ತಿತ್ತು. ಕಣ್ಣು ಮಂಜಾಗಿದೆ, ತೋರಿಸಬೇಕು ಎಂದುಕೊಂಡು ಅವನು ಅದನ್ನು ದಾಟಿಕೊಂಡು ಆಫೀಸಿಗೆ ಬರುತ್ತಿದ್ದ. ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲಿನಷ್ಟು ಅಲುಗಿದರೂ ಅವನಿಗೆ ಗೊತ್ತಾಗುತ್ತದೆ. ಒಂದೇ ಸೂರಿನಡಿ, ಕೈಯಳತೆಯಲ್ಲಿ, ಬೆರಳಗಲ ಅಲುಗುತ್ತಿದ್ದದ್ದು ಕಾಣಲಿಲ್ಲ. ದುಃಖಕ್ಕಿಂತ ಮೊದಲು ಅವನಿಗೆ ನಾಚಿಕೆಯೇ ಆಯಿತು. ಯಂತ್ರ ತಾಳ್ಮೆಯಿಂದ ಕಾಯುತ್ತಲೇ ಇತ್ತು. ಅದಕ್ಕೇನು, ಮಾದರಿ ಇವತ್ತಲ್ಲ ನಾಳೆ ನಿಶ್ಚಲವಾಗುತ್ತದೆ ಎಂದು ಅದಕ್ಕೆ ನಂಬಿಕೆ. ಈ ಕೈ ನಿಶ್ಚಲವಾಗುವುದು ಎಂದರೆ ಏನೆಂದು ಅರ್ಥವಾದದ್ದೇ ವೃಷಭೇಂದ್ರಪ್ಪ ಸುಷ್ಮಾಳನ್ನು ಪಕ್ಕಕ್ಕೆ ಸರಿಸಿ ಯಂತ್ರದ ಸ್ವಿಚ್ಚನ್ನೇ ಆರಿಸಿಬಿಟ್ಟ.

"ಏನಂತು ನಿನ್ ಮಿಷನ್ನು?" ಅಮ್ಮ ಕಣ್ಣುಬಿಟ್ಟಳು.

"ಒಡೆದಿಲ್ಲ ಅಮ್ಮ."

"ನನ್ನ ಉಣ್ಸೋಕೆ ಹೇಳ್ತಿದ್ದೀಯಾ?"

"ಇಲ್ಲ. ಲೇಪದ ಮೇಲೆ ಗೆರೆ ಅವೆ. ಹಳೇವು. ನಾನು ಹುಟ್ಟೋಕ್ಕಿಂತ ಮುಂಚಿನವು. ಒಳಗಿನ ಕಲ್ಲಿಗೆ ಏನೂ ಆಗಿಲ್ಲ."

ಮೊನೆ ಕಲ್ಲಿನ ಹತ್ತಿರವಿರಲಿ, ಲೇಪವನ್ನೂ ಮುಟ್ಟಿರಲಿಲ್ಲ. ಸುಷ್ಮಾ ನೆಲ ನೋಡಿದಳು. ರಾಮಯ್ಯನವರು ಮಾತ್ರ, ಹತ್ತು ಜನ ಪರೀಕ್ಷಕರ ಪರವಾಗಿ ಸಹಿ ಹಾಕುವವರಂತೆ, "ಏನೂ ಆಗಿಲ್ಲ ತಾಯಿ," ಎಂದರು.

ಅಮ್ಮ ಕೈಯನ್ನು ಬೀರುವಿನಿಂದ ಹೊರಗೆ ತಂದು ಅಂಗೈಯನ್ನೇ ನೋಡಿದಳು. "ಹಂಗಾದ್ರೆ ಅದು ನನ್ನ ಬುಟ್ಟು ಹೋಗಿಲ್ಲ," ಎಂದಳು. "ಹಂಗಾದ್ರೆ ನನ್ ಕೈಯೇ."

ಅವನು ಬಿಚ್ಚಿಟ್ಟ ಪೀಠದ ತಿರುಪುಗಳನ್ನು ಹೆಕ್ಕತೊಡಗಿದ.

"ಕೈಯೇ ಅನ್ನು ಮಗಾ. ನಂಗೆ ಗೊತ್ತಿರೋದೇ. ನೀನೊಂದ್ಸಲ ಅನ್ನು."

"ಕೈಯೇ ಅಮ್ಮ," ಎಂದ.

ಹೊರಗೆ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಅವಳು ಉಳಿದ ಪೂಜೆ ಮುಗಿಸಿ, ತಪ್ಪೊಪ್ಪು ಕೇಳಿಕೊಂಡು, ಕರಡಿಗೆಯನ್ನು ಎದೆಗೆ ಸೇರಿಸಿ, ಬಟ್ಟೆಯ ಚೀಲದಿಂದ ಡಬ್ಬಿಯೊಂದನ್ನು ತೆಗೆದಳು. ಒಗ್ಗರಣೆ ಅವಲಕ್ಕಿ. ಪಕ್ಕದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ. ಒಂದು ತೊಟ್ಟು ನೀರೂ ಬೇಡವೆಂದು ಹೊರಟವಳು ಹೊರಡುವ ಮೊದಲೇ ಕಟ್ಟಿಕೊಂಡಿದ್ದಳು. ವೃಷಭೇಂದ್ರಪ್ಪನಿಗೆ ಅದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದೆ, ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅವಲಕ್ಕಿ ಸೆರಗಿಗೆ ಉದುರುತ್ತಿತ್ತು. ಅವಳು ಅದನ್ನು ಎಷ್ಟೋ ದಿನದ ಅಭ್ಯಾಸವೆಂಬಂತೆ ಬೆರಳಲ್ಲಿ ಕೂಡಿಸಿ ತಿನ್ನುತ್ತಿದ್ದಳು. ರಾಮಯ್ಯನವರು ಕ್ಯಾಂಟೀನಿನಿಂದ ಕಾಫಿ ಕಳಿಸಿದರು.

"ಅರ್ಧ ಸಾಕು ಕಣಪ್ಪ," ಎಂದಳು ಅಮ್ಮ ಮಹದೇವುಗೆ. "ತುಂಬ ಇದ್ರೆ ಚೆಲ್ತದೆ."

ಹೋದ ತಿಂಗಳಿನಿಂದ ಮನೆಯಲ್ಲೂ ಅವನಿಗೆ ಅರ್ಧ ಲೋಟ ಕಾಫಿಯೇ ಬರುತ್ತಿತ್ತು. ಹಾಲು ಉಳಿಸುತ್ತಾಳೆ, ಜಿಪುಣಿ ಎಂದುಕೊಂಡಿದ್ದ.

ಮಾರನೆಯ ಬೆಳಿಗ್ಗೆ ಅವನು ಗಡ್ಡ ಹೆರೆಯುವ ಮೊದಲೇ ದೇವರ ಕೋಣೆಗೆ ಹೋದ. ಅಮ್ಮ ಮಣೆಯಿಂದ ಸ್ವಲ್ಪ ಸರಿದು ಜಾಗ ಮಾಡಿದಳು. ಎಡಗೈ ಚಾಚಿ ಲಿಂಗವನ್ನಿಟ್ಟುಕೊಂಡಳು. ಅವನು ತನ್ನ ಅಂಗೈಯನ್ನು ಅವಳ ಅಂಗೈಯ ಅಡಿಗೆ ತಂದು ಹಿಡಿದ. ಇಷ್ಟು ಹಗುರವಾದ ಕೈಯೆಂದು ಅವನಿಗೆ ಗೊತ್ತಿರಲಿಲ್ಲ. ಎಷ್ಟು ಒತ್ತಿದರೆ ಆಸರೆ, ಎಷ್ಟು ಒತ್ತಿದರೆ ನೋವು? ಇಷ್ಟು ವರ್ಷ ಭಾರಗಳನ್ನೇ ಅಳೆದವನಿಗೆ ಇದರ ಅಳತೆ ಸಿಗದೆ ಮೈ ಬೆವರತೊಡಗಿತು. ಮೇಲಿನ ನಡುಕ ಕೆಳಗಿಳಿಯುತ್ತಿತ್ತು, ಕೆಳಗಿನದು ಮೇಲೇರುತ್ತಿತ್ತು. ಎರಡು ಕೈಗಳ ಮೇಲೆ ಕೂತ ಲಿಂಗ ಮಾತ್ರ ಬೀಳಲಿಲ್ಲ. ಅಮ್ಮ ಕಣ್ಣು ಮುಚ್ಚಿ, ಶಿವನಾಮ ಶುರುಮಾಡಿ, ನಡುವೆ ನಿಲ್ಲಿಸಿ, ಕಣ್ಣು ತೆರೆಯದೆಯೇ ಹೇಳಿದಳು:

"ನಿನ್ ಕೈ ನಡುಗ್ತಾ ಅದೆ ಕಣೋ. ನೆಟ್ಟಗೆ ಹಿಡ್ಕೊ."